ವಿದ್ಯುತ್ ಗಿಟಾರು: ಮರ ಮತ್ತು ಅಂಗಗಳ ಆಯ್ಕೆಯ ಇತಿಹಾಸ

ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತದ ನೆರವಿನಿಂದ ವಿದ್ಯುತ್ ಪ್ರವಾಹವಾಗಿ ಮಾರ್ಪಡಿಸಿ, ಆಂಪ್ಲಿಫೈಯರಿನ ಮೂಲಕ ಮತ್ತೆ ನಾದವಾಗಿ ಹೊರಡಿಸುವ ತಂತೀವಾದ್ಯಕ್ಕೆ ವಿದ್ಯುತ್ ಗಿಟಾರು ಎಂದೂ, ಮಂದ್ರಸ್ಥಾಯಿಯಲ್ಲಿ ನುಡಿಯುವ ಅದರ ಸೋದರವಾದ್ಯಕ್ಕೆ ಬೇಸ್ ಗಿಟಾರು ಎಂದೂ ಹೆಸರು. ಅಂಗಡಿಯಲ್ಲಿ ಸಿದ್ಧವಾಗಿ ತೂಗುಹಾಕಿದ ವಾದ್ಯವನ್ನು ಕೊಳ್ಳದೆ, ನುಡಿಸುವವನು ತನ್ನ ಕೈಯಳತೆಗೂ ಶ್ರುತಿಗೂ ಸಂಗೀತದ ಬಗೆಗೂ ಒಪ್ಪುವಂತೆ ಒಡಲಿನ ಮರ, ದಂಡಿಯ ಮರ, ಬೆರಳು ಓಡಾಡುವ ಹಲಗೆ, ಮೆಟ್ಟಿಲು, ಕುದುರೆ, ಬಿರಡೆ, ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಪಿಕಪ್ಪುಗಳನ್ನು ಒಂದೊಂದಾಗಿ ಆಯ್ದು ಕುಶಲಕರ್ಮಿಯಿಂದ ಮಾಡಿಸಿಕೊಳ್ಳುವ ಪದ್ಧತಿಯು ಈ ವಾದ್ಯದಷ್ಟೇ ಹಳೆಯದು. ಆ ಪದ್ಧತಿಯ ಇತಿಹಾಸದಲ್ಲಿ ಕನ್ನಡನಾಡಿನ ಕಾಡಿಗೆ ದೊಡ್ಡದೊಂದು ಪಾಲುಂಟು; ಅದನ್ನು ನಮ್ಮವರು ತಕ್ಕಷ್ಟು ಗಮನಿಸಿಲ್ಲ.

ಹೇಳಿ ಮಾಡಿಸಿದ ವಾದ್ಯವೆಂಬುದು ಕಲಬುರಗಿ ಸೀಮೆಗೆ ಹೊಸ ಮಾತಲ್ಲ. ಚಿತ್ತಾಪುರ, ಸೇಡಂ, ಚಿಂಚೋಳಿಗಳ ಹಳ್ಳಿಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಹಾಡುವ ಭಜನೆಯವರ ಏಕತಾರಿಯು ಒಣಗಿದ ಬುರುಡೆ, ಬಿದಿರಿನ ದಂಡಿ, ಒಂದೇ ತಂತಿ, ಇಷ್ಟರಿಂದಲೇ ಹಾಡುವವನ ದನಿಗೆ ಹೊಂದುವಂತೆ ಸಿದ್ಧವಾಗುವ ವಾದ್ಯ. ಇನ್ನು ಉತ್ತರ ಕರ್ನಾಟಕದ ಗಾಯಕರಿಗೆ ತಂಬೂರಿಯೆಂದರೆ ಮೀರಜಿನದೇ. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಆ ಗಡಿಯೂರಿನಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದ ಮಧ್ಯಭಾಗದಿಂದ ಸಿತಾರು ತಂಬೂರಿಗಳ ನಿರ್ಮಾಣಕ್ಕೆ ಕೈಹಾಕಿ, ಫರೀದಸಾಹೇಬರ ಕಾಲದಿಂದ ಇಂದಿನವರೆಗೂ ಅದನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದಿರುವರು. 2024ರಲ್ಲಿ ಮೀರಜಿನ ಸಿತಾರು ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಲ್ಲಿ ಕೊಳ್ಳುವವನು ಮೊದಲು ತನ್ನ ಶ್ರುತಿಯನ್ನು ಹೇಳಬೇಕು. ಗಂಡುದನಿಯ ತಂಬೂರಿಗೆ ಉದ್ದನೆಯ ದಂಡಿ ಮತ್ತು ದೊಡ್ಡ ಬುರುಡೆ, ಹೆಣ್ಣುದನಿಯದಕ್ಕೆ ಗಿಡ್ಡದು. ಪಂಢರಪುರದ ಸೀಮೆಯಲ್ಲಿ ಬೆಳೆದ ಬುರುಡೆಗಳಲ್ಲಿ ತಕ್ಕ ಸುತ್ತಳತೆಯದನ್ನು ಆರಿಸಿ, ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜುಜ್ಜಿ ಜವಾರಿ ಕೂಡಿಸುವುದು, ಆ ಮೇಲೆ ತಂತಿಯ ಕೆಳಗೆ ನೂಲೆಳೆಯನ್ನು ಸರಿಸಿ ನಾದವನ್ನು ಅರಳಿಸುವುದು. ತಂಬೂರಿಯಲ್ಲಿ ನಾದವು ಬುರುಡೆಯ ಗರ್ಭದಲ್ಲಿ ತುಂಬಿ ಹೊರಡುವುದರಿಂದ ಪದಾರ್ಥದ ಆಯ್ಕೆಯೇ ನಾದದ ಆಯ್ಕೆ.

ವಿದ್ಯುತ್ ಗಿಟಾರಿನಲ್ಲಿ ಈ ನಿಯಮ ಬಹುಮಟ್ಟಿಗೆ ಸಡಿಲುತ್ತದೆ. ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಿರ್ಮಿಸಿದ, ಆಕಾರದಿಂದ ಬಾಣಲೆಯೆಂದೇ ಹೆಸರಾದ, ತೊಡೆಯ ಮೇಲಿಟ್ಟು ನುಡಿಸುವ ಗಿಟಾರು ಎರಕದ ಅಲ್ಯೂಮಿನಿಯಂನದು. ಅದರಲ್ಲಿ ಮರವೇ ಇರಲಿಲ್ಲ. 1940ರ ಸುಮಾರಿನಲ್ಲಿ ಲೆಸ್ ಪಾಲ್ ಎಂಬ ವಾದಕನು ಪೈನ್ ಮರದ ಒಂದು ತೊಲೆಗೆ ತಂತಿ ಮತ್ತು ಪಿಕಪ್ಪುಗಳನ್ನು ಜೋಡಿಸಿ, ಕೇಳುವವರ ಕಣ್ಣಿಗೆ ಗಿಟಾರಿನಂತೆ ತೋರಲೆಂದು ಇಕ್ಕೆಲಕ್ಕೂ ಪೊಳ್ಳು ಗಿಟಾರಿನ ಎರಡು ಹೋಳುಗಳನ್ನು ಅಂಟಿಸಿ ನುಡಿಸಿದನು. ಪೊಳ್ಳು ಒಡಲು ಆಂಪ್ಲಿಫೈಯರಿನ ನಾದಕ್ಕೆ ತಾನೇ ಮಿಡಿದು ಊಳಿಡುವುದೆಂಬ ತೊಂದರೆಯನ್ನು ಗಟ್ಟಿ ಮರವು ನಿವಾರಿಸಿತು. ಗಟ್ಟಿ ಒಡಲಿನ ಹುಟ್ಟಿಗೆ ಮುಖ್ಯ ಕಾರಣ ಇದೇ.

ರೇಡಿಯೋ ರಿಪೇರಿಯಿಂದ ಈ ಉದ್ಯಮಕ್ಕೆ ಬಂದ ಲಿಯೋ ಫೆಂಡರನು 1950ರಲ್ಲಿ ಹೊರತಂದು ಮರುವರ್ಷ ಟೆಲಿಕಾಸ್ಟರ್ ಎಂದು ಕರೆದ ಗಿಟಾರಿಗೆ ಆ್ಯಶ್ ಮರದ ಒಡಲು, ಮೇಪಲ್ ಮರದ ದಂಡಿ. ದಂಡಿಯನ್ನು ನಾಲ್ಕು ತಿರುಪುಗಳಿಂದ ಬಿಗಿದಿದ್ದುದರಿಂದ ಕೆಟ್ಟರೆ ಕಳಚಿ ಬೇರೊಂದನ್ನು ಕೂಡಿಸಬಹುದಾಗಿತ್ತು. 1952ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿ ಮಹಾಗನಿಯ ಒಡಲಿನ ಮೇಲೆ ಮೇಪಲಿನ ಹೊದಿಕೆ, ಅಂಟಿನಿಂದ ಕೂಡಿಸಿದ ದಂಡಿ. ಇಂದಿಗೂ ಗಿಟಾರು ಮಾಡಿಸುವವರು ಮೊದಲು ಹಿಡಿಯುವ ದಾರಿಗಳು ಈ ಎರಡೇ. ಫೆಂಡರನ ತಂತಿಯ ಉದ್ದ 25.5 ಅಂಗುಲ, ಗಿಬ್ಸನ್ನಿನದು ಸುಮಾರು 24.75, ಈ ಮುಕ್ಕಾಲು ಅಂಗುಲದ ಅಂತರದಿಂದಲೇ ಒಂದರ ತಂತಿ ಬಿಗಿಯಾಗಿ ನಾದ ಮೊನಚಾಗುತ್ತದೆ, ಇನ್ನೊಂದರದು ಬೆರಳಿಗೆ ಬೇಗ ಬಾಗುತ್ತದೆ. ಒಡಲಿನ ಮರದ ವಿಷಯದಲ್ಲಿ ವಾದಕರು ದಶಕಗಳಿಂದ ವಾಗ್ವಾದ ನಡೆಸುತ್ತಿದ್ದರೂ, ತಂತಿಯ ಉದ್ದ, ಪಿಕಪ್ಪಿನ ಜಾತಿ ಮತ್ತು ಅದು ಕುದುರೆಯಿಂದ ಇರುವ ದೂರ, ಇವುಗಳ ಮುಂದೆ ಆ ಮರದ ಪ್ರಭಾವ ಅಲ್ಪವೆಂದೇ ಈ ಲೇಖಕನ ನಿರ್ಣಯ. ಒಡಲಿನ ಮರವನ್ನು ತೂಕಕ್ಕಾಗಿ ಆರಿಸಬೇಕು, ಹೆಗಲಿಗಾಗಿ ಆರಿಸಬೇಕು.

ಬೆರಳು ತಾಗುವ ಹಲಗೆಯ ಮಾತು ಬೇರೆ. ಕೈಯ ಬೆವರಿಗೆ ಮೇಪಲಿನ ಮೇಲಣ ಮೆರುಗು ಸವೆದು ಮರ ಕಪ್ಪಾಗುತ್ತಿದ್ದ ಕಾಲದಲ್ಲಿ, 1958 ಮತ್ತು 1959ರಲ್ಲಿ, ಫೆಂಡರ್ ಸಂಸ್ಥೆಯು ದಂಡಿಯ ಮೇಲೆ ರೋಸ್‌ವುಡ್ ಹಲಗೆಯನ್ನು ಅಂಟಿಸತೊಡಗಿತು. ಆಗ ಬರುತ್ತಿದ್ದುದು ಬ್ರೆಜಿಲಿನ ರೋಸ್‌ವುಡ್. ಆ ದೇಶವು 1960ರ ದಶಕದ ಕೊನೆಯಲ್ಲಿ ದಿಮ್ಮಿಗಳ ರಫ್ತನ್ನು ಬಿಗಿಗೊಳಿಸಿದಾಗ ಪಾಶ್ಚಾತ್ಯ ನಿರ್ಮಾಪಕರ ದೃಷ್ಟಿ ಭಾರತದ ಕಡೆ ತಿರುಗಿತು. ಗಿಟಾರು ಮಾಡುವ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ಮರಕ್ಕೆ ಬದಲಾಯಿಸಿಕೊಂಡಿತು. ಅವರು ಈಸ್ಟ್ ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ನಾವು ಬೀಟೆ ಎನ್ನುವ ಮರವನ್ನೇ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಡಾಲ್ಬರ್ಜಿಯ ಲ್ಯಾಟಿಫೋಲಿಯ ಎಂದು ಹೆಸರು. ಮಲೆನಾಡು, ಕೊಡಗು, ಉತ್ತರ ಕನ್ನಡಗಳ ಕಾಡಿನಲ್ಲಿ ಬೆಳೆಯುವ ಈ ಮರದ ಒಂದು ಘನ ಮೀಟರಿನ ತೂಕ ಸುಮಾರು 800 ಕಿಲೋಗ್ರಾಮು. ಕಡುನೇರಳೆಯಿಂದ ಕಪ್ಪಿನವರೆಗೆ ಗೆರೆ ಗೆರೆಯಾದ ತಿರುಳು. ಮರದೊಳಗೇ ಎಣ್ಣೆಯ ಅಂಶವಿರುವುದರಿಂದ ಮೇಲೆ ಮೆರುಗು ಬಳಿಯದೆಯೇ ಬೆವರನ್ನು ತಾಳುವ ಗುಣ. ಮೈಸೂರಿನ ಕುಸುರಿಗಾರರು ತಲೆಮಾರುಗಳಿಂದ ಬೇರೆ ಬಣ್ಣದ ಮರದ ಚೂರುಗಳನ್ನು ಕೆತ್ತಿ ಕೂರಿಸುತ್ತ ಬಂದಿರುವುದೂ ಇದೇ ಬೀಟೆಯ ಹಲಗೆಯ ಮೇಲೆ. ಹೀಗೆ ಲಂಡನ್ನಿನಲ್ಲೋ ಟೋಕಿಯೋದಲ್ಲೋ ಒಬ್ಬ ವಾದಕನ ಬೆರಳು ಹಗಲಿರುಳು ಒತ್ತುತ್ತಿರುವ ಕಪ್ಪು ಹಲಗೆಯು ಪಶ್ಚಿಮ ಘಟ್ಟದ ಮಳೆಯುಂಡು ಬೆಳೆದದ್ದಾಗಿರುವ ಸಂಭವ ಬಹಳ.

ಬೇಡಿಕೆ ಬೆಳೆದಂತೆ ಕಾನೂನೂ ಬೆಳೆಯಿತು. ದಿಮ್ಮಿಯನ್ನು ಹಾಗೆಯೇ ಹೊರದೇಶಕ್ಕೆ ಸಾಗಿಸಲು ಭಾರತದ ಕಾನೂನು ಬಿಡುವುದಿಲ್ಲ. ಭಾರತದಿಂದ ತರಿಸಿದ ಬೀಟೆ ಮತ್ತು ಎಬೊನಿಯ ಹಲಗೆಗಳ ವಿಷಯದಲ್ಲಿ 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿದ್ದು ಆ ದೇಶದಲ್ಲಿ ದೊಡ್ಡ ರಾಜಕೀಯ ಚರ್ಚೆಗೆ ಕಾರಣವಾಯಿತು. ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 1992ರಲ್ಲಿ ಬ್ರೆಜಿಲಿನ ಮರವನ್ನು ಅತಿ ಕಠಿಣವಾದ ಮೊದಲ ಅನುಬಂಧಕ್ಕೆ ಸೇರಿಸಿತ್ತು. 2017ರ ಜನವರಿ 2ರಿಂದ ಡಾಲ್ಬರ್ಜಿಯ ಕುಲದ ಉಳಿದೆಲ್ಲ ಮರಗಳೂ ಎರಡನೆಯ ಅನುಬಂಧಕ್ಕೆ ಬಂದವು. ಕೂಡಲೇ ಹಲವು ನಿರ್ಮಾಪಕರು ಪಾವ್ ಫೆರೋ ಮೊದಲಾದ ಬದಲಿ ಮರಗಳನ್ನು ಹಿಡಿದರು. ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರ ನವೆಂಬರಿನಿಂದ. ಬೀಟೆ ನಿಧಾನವಾಗಿ ಬೆಳೆಯುವ ಮರವಾದುದರಿಂದ ಈ ಬಿಗಿ ಬೇಕಾಗಿದ್ದಿತೆಂದೇ ಹೇಳಬೇಕು.

ಮೆಟ್ಟಿಲಿನ ವಿಷಯದಲ್ಲಿ ನಮ್ಮ ಸಂಗೀತವು ಗಿಟಾರಿಗೆ ಕೊಟ್ಟದ್ದೂ ಇದೆ. ಹಲಸಿನ ಮರದ ವೀಣೆಯಲ್ಲಿ ಮೇಣದ ಮೇಲೆ ಎತ್ತರಕ್ಕೆ ನಿಲ್ಲಿಸಿದ 24 ಮೆಟ್ಟಿಲುಗಳಿದ್ದು, ನಡುವಣ ಪೊಳ್ಳಿನಿಂದಾಗಿ ತಂತಿಯನ್ನು ಸಾಕಷ್ಟು ಎಳೆದು ಗಮಕ ತೆಗೆಯಬಹುದು. ವೀಣೆಯ ಪರಿಚಯ ಮಾಡಿಕೊಂಡಿದ್ದ ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲಿಷ್ ವಾದಕನು 1970ರ ದಶಕದ ಶಕ್ತಿ ಎಂಬ ತನ್ನ ಸಂಗೀತ ತಂಡಕ್ಕಾಗಿ ಮೆಟ್ಟಿಲುಗಳ ನಡುವಿನ ಮರವನ್ನು ಹಳ್ಳವಾಗಿ ಕೆತ್ತಿಸಿ, ಅನುರಣನದ ತಂತಿಗಳನ್ನೂ ಕೂಡಿಸಿದ ಗಿಟಾರನ್ನು ಮಾಡಿಸಿಕೊಂಡನು. ಯು. ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನಿನ ಜೋಡಿತಂತಿಗಳನ್ನು ಒಂಟಿಯಾಗಿಸಿ, ಕರ್ನಾಟಕ ಸಂಗೀತದ ಮಂದ್ರಸ್ಥಾಯಿಗೆ ಸಾಲದೆಂದು ಐದನೆಯ ತಂತಿಯನ್ನು ಸೇರಿಸಿಕೊಂಡರು. ಬೇಕಾದ ನಾದವನ್ನು ಮೊದಲು ಮನಸ್ಸಿನಲ್ಲಿ ಕೇಳಿಕೊಂಡು ಆಮೇಲೆ ವಾದ್ಯವನ್ನು ತಿದ್ದಿಸುವ ಈ ಕ್ರಮಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿದಿಲ್ಲ.

ಬೇಸ್ ಗಿಟಾರಿನ ಚರಿತ್ರೆಯಲ್ಲಿ ಇಂಥ ಬೇಡಿಕೆಗಳು ಇನ್ನೂ ದಿಟ್ಟವಾದುವು. 1951ರ ಫೆಂಡರ್ ಪ್ರಿಸಿಷನ್ ಬೇಸಿನ 34 ಅಂಗುಲದ ತಂತಿ, 41 ಹರ್ಟ್ಸಿನ ಕೆಳಗಣ ಸ್ವರ, ಇಂದಿಗೂ ರೂಢಿಯ ಅಳತೆ. ಜಾಕೋ ಪಾಸ್ಟೋರಿಯಸ್ ಎಂಬವನು ಮೆಟ್ಟಿಲುಗಳಿಲ್ಲದ ಹಲಗೆಗೆ ಎಪಾಕ್ಸಿ ಬಳಿದು, ಹಾಡಿನಂತೆ ಜಾರುವ ನಾದವನ್ನು ಪಡೆದನು. ಆಂಥೋನಿ ಜಾಕ್ಸನ್ 1975ರಲ್ಲಿ ಕಾರ್ಲ್ ಥಾಂಪ್ಸನ್ನನಿಂದ ಆರು ತಂತಿಯ ಬೇಸನ್ನು ಮಾಡಿಸಿದನು. ತಂತಿ ಹೆಚ್ಚಿದಂತೆ ದಂಡಿಯ ಮೇಲಿನ ಸೆಳೆತವೂ ಹೆಚ್ಚುವುದರಿಂದ, ಬೇಸಿನ ದಂಡಿಗೆ ಹಲವು ಸೀಳುಗಳನ್ನು ಎಳೆ ಹೊಂದಿಸಿ ಅಂಟಿಸುವುದು ವಾಡಿಕೆ.

ಕಲಬುರಗಿ ಸೀಮೆಯಲ್ಲಿ ಒಬ್ಬನು ಗಿಟಾರು ಮಾಡಿಸುವುದಾದರೆ ಎರಡು ಸಂಗತಿಗಳನ್ನು ಮರೆಯಬಾರದು. ಶಹಾಬಾದ, ವಾಡಿಗಳಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ, ಫರಸಿ ಕಲ್ಲಿನ ನೆಲ ರಾತ್ರಿಯವರೆಗೂ ಕಾವು ಬಿಡುವುದಿಲ್ಲ. ಆ ಒಣಹವೆಗೆ ಹಲಗೆ ಅಡ್ಡಕ್ಕೆ ಕುಗ್ಗುತ್ತದೆ, ಲೋಹದ ಮೆಟ್ಟಿಲು ಕುಗ್ಗುವುದಿಲ್ಲ. ಚೈತ್ರದಲ್ಲಿ ಒಂದು ದಿನ ದಂಡಿಯ ಅಂಚಿನ ಮೇಲೆ ಕೈ ಜಾರಿಸಿದರೆ ಮೆಟ್ಟಿಲಿನ ತುದಿಗಳು ಮುಳ್ಳಿನಂತೆ ಚುಚ್ಚುತ್ತವೆ. ಮುಂಗಾರು ಬಂದ ಮೇಲೆ ಅದೇ ಮರ ಉಬ್ಬಿ ದಂಡಿಯ ಬಾಗು ಬದಲಾಗುತ್ತದೆ. ಆದುದರಿಂದ ಚೆನ್ನಾಗಿ ಹದವಾದ, ಎಳೆ ನೆಟ್ಟಗೆ ನಿಲ್ಲುವಂತೆ ಕೊಯ್ದ ಮರವನ್ನೇ ದಂಡಿಗೆ ಕೇಳಬೇಕು. ಗಿಬ್ಸನ್ ಸಂಸ್ಥೆ 1923ರಲ್ಲಿ ಪೇಟೆಂಟ್ ಪಡೆದ, ದಂಡಿಯೊಳಗಿನ ಉಕ್ಕಿನ ಸರಳನ್ನು ಸುಲಭವಾಗಿ ತಿರುಗಿಸಲು ಬರುವಂತೆ ಇರಿಸಿಕೊಳ್ಳಬೇಕು. ಎರಡನೆಯದು ಪಿಕಪ್ಪಿನ ಮಾತು. ಕಲ್ಲು ಕೊಯ್ಯುವ ಯಂತ್ರ, ಕಾರ್ಖಾನೆಯ ಮೋಟಾರುಗಳ ನೆರೆಯಲ್ಲಿ ಒಂಟಿ ಸುರುಳಿಯ ಪಿಕಪ್ಪು 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆಯನ್ನು ಹೀರಿಕೊಳ್ಳುತ್ತದೆ. ಸೇತ್ ಲವರ್ ರೂಪಿಸಿ 1957ರಿಂದ ಗಿಬ್ಸನ್ ಗಿಟಾರುಗಳಲ್ಲಿ ಬಂದ ಜೋಡಿ ಸುರುಳಿಯ ಹಮ್‌ಬಕರ್ ಪಿಕಪ್ಪಿನಲ್ಲಿ ಒಂದು ಸುರುಳಿ ಹೀರಿದ ಆ ಸದ್ದನ್ನು ಇನ್ನೊಂದು ಅಳಿಸಿಬಿಡುತ್ತದೆ.

ಫರಸಿ ಕೊಳ್ಳುವವನು ಖಣಿಯಲ್ಲಿ ಕಲ್ಲನ್ನು ಗೆಣ್ಣಿನಿಂದ ತಟ್ಟಿ, ಬಿರುಕಿದ್ದರೆ ಸದ್ದಿನಲ್ಲೇ ಗುರುತಿಸುತ್ತಾನೆ. ಅದೇ ಎಚ್ಚರಿಕೆಯಿಂದ ದಂಡಿಯ ಮರವನ್ನೂ ಹಲಗೆಯನ್ನೂ ತಟ್ಟಿ, ಎಳೆಯ ಜಾಡು ನೋಡಿ, ಬೀಟೆಯೆಂದು ಹೇಳಿದರೆ ಅದರ ಮೂಲದ ಕಾಗದವನ್ನೂ ಕೇಳಿ ಪಡೆದುಕೊಳ್ಳಿರಿ. ಹಣದ ಹೆಚ್ಚಿನ ಪಾಲನ್ನು ದಂಡಿಗೂ ಮೆಟ್ಟಿಲುಗಳ ಕೆಲಸಕ್ಕೂ ಪಿಕಪ್ಪಿಗೂ ಇಡಿರಿ, ಒಡಲಿಗೆ ಹಗುರವಾದ ಒಣಮರ ಸಾಕು.