ಮೈಗೆ ಹಚ್ಚುವ ಎಣ್ಣೆ: ಶ್ರಾವಕರ ಮನೆಗೆ ಯಾವುದು ಸೂಕ್ತ?

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬಹಳ ಎಚ್ಚರಿಕೆ ಇದೆ. ಪೊಟ್ಟಣ ತಿರುಗಿಸಿ ಹಸಿರು ಚುಕ್ಕೆ ನೋಡುತ್ತೇವೆ, ಕಂದಮೂಲ ಬಿಡುತ್ತೇವೆ, ನೀರನ್ನು ಸೋಸುತ್ತೇವೆ. ಆದರೆ ಮೈಗೆ ಹಚ್ಚುವ ಎಣ್ಣೆ, ಕ್ರೀಮು, ಮುಲಾಮುಗಳನ್ನು ಕೊಳ್ಳುವಾಗ ಅಷ್ಟು ಎಚ್ಚರಿಕೆ ಇರುವುದಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಸುಲಭವಾಗಿ ಸಿಗುವ ಸಸ್ಯಜನ್ಯ ಎಣ್ಣೆಗಳು ಯಾವುವು, ಯಾವುದನ್ನು ಯಾರಿಗೆ ಬಳಸಬಹುದು, ಅಹಿಂಸೆಯ ದೃಷ್ಟಿಯಿಂದ ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ಕೊಡಲಾಗಿದೆ.

ಆಧಾರ ಎಣ್ಣೆ ಎಂದರೇನು?

ಬೀಜ ಅಥವಾ ಕಾಯಿಯನ್ನು ಅರೆದು ತೆಗೆದ, ನೇರವಾಗಿ ಚರ್ಮಕ್ಕೆ ಹಚ್ಚಬಹುದಾದ ಎಣ್ಣೆಯನ್ನು ಈಗ ಅಂಗಡಿಗಳಲ್ಲಿ ‘ಕ್ಯಾರಿಯರ್ ಆಯಿಲ್’ ಎಂದು ಮಾರುತ್ತಾರೆ. ನೀಲಗಿರಿ, ನಿಂಬೆಹುಲ್ಲು ಮೊದಲಾದ ಸುಗಂಧ ತೈಲಗಳನ್ನು ಹಾಗೆಯೇ ಹಚ್ಚಿದರೆ ಚರ್ಮ ಸುಡುತ್ತದೆ. ಅವನ್ನು ಕೆಲವೇ ತೊಟ್ಟು ಬೆರೆಸಲು ಆಧಾರವಾಗಿ ಬೇಕಾದದ್ದು ಈ ಎಣ್ಣೆ. ಹೆಸರು ಹೊಸದಾದರೂ ವಸ್ತು ಹಳೆಯದೇ. ನಮ್ಮ ಅಜ್ಜಿಯರು ಎಣ್ಣೆನೀರು ಹಾಕುವಾಗ ಬಳಸುತ್ತಿದ್ದ ಎಳ್ಳೆಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆ ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ.

ಈ ಸೀಮೆಯ ಎಣ್ಣೆಕಾಳುಗಳು

1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ಬೆಳೆಗಳನ್ನು ಬರೆದುಕೊಳ್ಳುವಾಗ ಎಳ್ಳು, ಹುಚ್ಚೆಳ್ಳು, ಹರಳುಗಳನ್ನು ದಾಖಲಿಸಿದ್ದಾನೆ. ಅದಕ್ಕೂ ಬಹಳ ಹಿಂದೆ, ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವಾಲಯ, ಬಸದಿಗಳ ನಂದಾದೀವಿಗೆಗೆ ಗಾಣದ ಎಣ್ಣೆಯನ್ನು ದತ್ತಿಯಾಗಿ ಬಿಟ್ಟ ವಿವರಗಳು ಸಿಗುತ್ತವೆ. ಗಂಗರ ಕಾಲದ ಪಂಚಕೂಟ ಬಸದಿಯಿರುವ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಸುತ್ತಮುತ್ತ ಇಂದಿಗೂ ರಾಗಿ ಹೊಲ, ತೆಂಗಿನ ತೋಟ, ಬದುವಿನ ಹೊಂಗೆಮರ ಕಾಣುತ್ತವೆ. ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ತೆಂಗು ಮುಖ್ಯ. ಕಾವೇರಿ ನಾಲೆಯ ನೀರು ಕಂಡ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಭತ್ತ, ಕಬ್ಬು ಹೆಚ್ಚಾದ್ದರಿಂದ ಎಣ್ಣೆಕಾಳು ಕಡಿಮೆ. ಆದರೂ ಪೇಟೆಯಲ್ಲಿ ಎಲ್ಲ ಬಗೆಯ ಎಣ್ಣೆಯೂ ದೊರೆಯುತ್ತದೆ.

ಎಣ್ಣೆಗಳ ಗುಣ

*ಎಳ್ಳೆಣ್ಣೆ:* ಅಭ್ಯಂಗಕ್ಕೆ ಮೊದಲ ಆಯ್ಕೆ. ತೀರಾ ತೆಳುವಲ್ಲ, ತೀರಾ ಅಂಟೂ ಅಲ್ಲ. ಇದರಲ್ಲಿರುವ ಸೆಸಮಾಲ್ ಮೊದಲಾದ ಅಂಶಗಳಿಂದ ಬೇಗ ಕಮಟು ವಾಸನೆ ಬರುವುದಿಲ್ಲ. ಒಣ ಚರ್ಮಕ್ಕೆ, ಕೈಕಾಲು ಹಿಡಿದುಕೊಂಡವರಿಗೆ ಹಿತ. ಎಳ್ಳಿನ ಅಲರ್ಜಿ ಇದ್ದವರು ಮುಟ್ಟಬಾರದು.

*ಕೊಬ್ಬರಿ ಎಣ್ಣೆ:* ಇದರ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಸೀಸೆಯೊಳಗೆ ಹೆಪ್ಪುಗಟ್ಟಿದರೆ ಅದು ದೋಷವಲ್ಲ. ಫ್ರಿಜ್ಜಿನಲ್ಲಿಟ್ಟಾಗ ಗಟ್ಟಿಯಾದ ಮಾತ್ರಕ್ಕೆ ಶುದ್ಧ ಎಂದೂ ಅಲ್ಲ. ಬೆರಕೆ ಸ್ವಲ್ಪವೇ ಇದ್ದರೂ ಗಟ್ಟಿಯಾಗುತ್ತದೆ. ಬೇಸಿಗೆಗೆ, ತಲೆಗೆ, ಮಕ್ಕಳ ಮೈಗೆ ಒಳ್ಳೆಯದು. ಮೊಡವೆ ಏಳುವ ಮುಖಕ್ಕೆ ಬೇಡ.

*ಹರಳೆಣ್ಣೆ:* ಶೇಕಡಾ 85ಕ್ಕಿಂತ ಹೆಚ್ಚು ರಿಸಿನೋಲಿಕ್ ಆಮ್ಲ ಇರುವುದರಿಂದ ಬಹಳ ಮಂದ. ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸೇರಿಸಿದರೆ ತಿಕ್ಕಲು ಬರುತ್ತದೆ. ಒಡೆದ ಹಿಮ್ಮಡಿಗೆ ಹಾಗೆಯೇ ಹಚ್ಚಬಹುದು. ಹರಳು ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಅದು ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಆದ್ದರಿಂದ ಹರಳು ಹಿಂಡಿಯನ್ನು ದನಕರುಗಳ ಬಾಯಿಗೆ ಸಿಗುವಂತೆ ಇಡಬಾರದು.

*ಹುಚ್ಚೆಳ್ಳೆಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ:* ಲಿನೋಲಿಕ್ ಆಮ್ಲ ಹೆಚ್ಚು, ಹಗುರ, ಚರ್ಮಕ್ಕೆ ಬೇಗ ಹಿಡಿಯುತ್ತವೆ. ಆದರೆ ಬೇಗ ಕೆಡುತ್ತವೆ. ಸ್ವಲ್ಪ ಸ್ವಲ್ಪವೇ ತರಬೇಕು.

*ಕಡಲೆಕಾಯಿ ಎಣ್ಣೆ:* ಅಗ್ಗ, ತಿಕ್ಕಲು ಅನುಕೂಲ. ಶೇಂಗಾ ಅಲರ್ಜಿ ಇರುವವರ ಮನೆಯಲ್ಲಿ ಬೇಡ.

*ಹೊಂಗೆ ಮತ್ತು ಬೇವಿನೆಣ್ಣೆ:* ಇವು ಮದ್ದಿನ ಎಣ್ಣೆಗಳು, ಇಡೀ ಮೈಗೆ ತಿಕ್ಕುವಂಥವಲ್ಲ. ಕಜ್ಜಿ, ತುರಿಕೆಯ ಜಾಗಕ್ಕೆ ಬೇರೆ ಎಣ್ಣೆಯಲ್ಲಿ ತೆಳುಮಾಡಿ ಹಚ್ಚುವ ರೂಢಿ ಇದೆ. ಬೇವಿನೆಣ್ಣೆ ಹೊಟ್ಟೆಗೆ ಹೋಗಿ ಹಸುಗೂಸುಗಳ ಪ್ರಾಣಕ್ಕೇ ಅಪಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

*ಜೊಜೊಬಾ:* ಇದು ಮರುಭೂಮಿಯ ಗಿಡದ ಬೀಜದಿಂದ ಬರುವ ದ್ರವರೂಪದ ಮೇಣ. 1970ರ ದಶಕದಲ್ಲಿ ತಿಮಿಂಗಿಲದ ಎಣ್ಣೆಗೆ ಬದಲಾಗಿ ಬಳಕೆಗೆ ಬಂದಿತು. ಬೆಲೆ ಹೆಚ್ಚು. ಜಿಡ್ಡು ಮುಖದವರಿಗೆ ಎರಡು ತೊಟ್ಟು ಸಾಕು.

*ಆಲಿವ್ ಎಣ್ಣೆ:* ಓಲಿಕ್ ಆಮ್ಲ ಹೆಚ್ಚಾಗಿರುವುದರಿಂದ ಚರ್ಮದ ಹೊರಪದರವನ್ನು ಸಡಿಲಗೊಳಿಸುತ್ತದೆ. ಇಸುಬು ಅಥವಾ ಒಣ ಚರ್ಮದ ಮಕ್ಕಳಿಗೆ ಬಳಸದಿರುವುದೇ ಲೇಸು. ದುಬಾರಿಯಾದ ಮಾತ್ರಕ್ಕೆ ಮೇಲು ಎಂದಲ್ಲ.

ಚೀಟಿಯಲ್ಲಿ ಏನು ನೋಡಬೇಕು?

ಶ್ರಾವಕರ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗ ಮೊದಲನೆಯದು. ನಾಲಿಗೆಗೆ ತಾಗದಂತೆ ದೂರವಿಟ್ಟದ್ದನ್ನು ಚರ್ಮಕ್ಕೆ ಹಚ್ಚಿಕೊಳ್ಳುವುದು ಸರಿಯೇ ಎಂಬುದು ವ್ರತ ಪಾಲಿಸುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಆಹಾರದ ಪೊಟ್ಟಣಗಳ ಮೇಲೆ ಇರುವ ಹಸಿರು ಚುಕ್ಕೆ ಎಲ್ಲ ಸೌಂದರ್ಯ ಸಾಧನಗಳ ಮೇಲೆ ಕಾಣುವುದಿಲ್ಲ. ಆದ್ದರಿಂದ ಈ ಹೆಸರುಗಳನ್ನು ನೆನಪಿಡಿ:

- ಲ್ಯಾನೊಲಿನ್: ಕುರಿಯ ಉಣ್ಣೆಯ ಜಿಡ್ಡು. ಮುಲಾಮು, ತುಟಿಗೆ ಹಚ್ಚುವ ಪದಾರ್ಥಗಳಲ್ಲಿ ಸಾಮಾನ್ಯ.
- ಟ್ಯಾಲೋ: ದನ, ಕುರಿಯ ಕೊಬ್ಬು. ಸಾಬೂನುಗಳಲ್ಲಿ ಸೋಡಿಯಂ ಟ್ಯಾಲೋವೇಟ್ ಎಂದಿರುತ್ತದೆ.
- ಬೀಸ್‌ವ್ಯಾಕ್ಸ್: ಜೇನುಮೇಣ.
- ಸ್ಕ್ವಾಲೀನ್, ಸ್ಕ್ವಾಲೇನ್: ಶಾರ್ಕ್ ಮೀನಿನ ಯಕೃತ್ತಿನಿಂದಲೂ ಬರುತ್ತದೆ, ಆಲಿವ್ ಅಥವಾ ಕಬ್ಬಿನಿಂದಲೂ ಬರುತ್ತದೆ. ಸಸ್ಯಮೂಲ ಎಂದು ಬರೆದಿದ್ದರೆ ಮಾತ್ರ ಕೊಳ್ಳಿ.
- ಗ್ಲಿಸರಿನ್, ಸ್ಟಿಯರಿಕ್ ಆಮ್ಲ: ಇವುಗಳದೂ ಎರಡೂ ಮೂಲ. ಸಂಶಯವಿದ್ದರೆ ತಯಾರಕರನ್ನು ಕೇಳಿ.
- ಕಾರ್ಮೈನ್: ಕೀಟಗಳಿಂದ ತೆಗೆದ ಕೆಂಪು ಬಣ್ಣ.
- ಎಮು ಎಣ್ಣೆ, ಕೊಲಾಜನ್, ಕೆರಾಟಿನ್, ರೇಷ್ಮೆ ಪ್ರೋಟೀನು: ಎಲ್ಲವೂ ಪ್ರಾಣಿಜನ್ಯ.

‘ಲೈಟ್ ಲಿಕ್ವಿಡ್ ಪ್ಯಾರಫಿನ್’ ಅಥವಾ ‘ಮಿನರಲ್ ಆಯಿಲ್’ ಪ್ರಾಣಿಯದೂ ಅಲ್ಲ, ಸಸ್ಯದ್ದೂ ಅಲ್ಲ, ಪೆಟ್ರೋಲಿಯಂನಿಂದ ಬಂದದ್ದು. ಮಕ್ಕಳ ಎಣ್ಣೆ, ‘ಬಾದಾಮಿ’ ಕೂದಲೆಣ್ಣೆಗಳ ಚೀಟಿಯಲ್ಲಿ ಇದೇ ಮೊದಲ ಹೆಸರಾಗಿದ್ದರೆ, ಬಾದಾಮಿಯ ಪಾಲು ಕಡಿಮೆ ಎಂದೇ ಅರ್ಥ.

ಭಾರತದಲ್ಲಿ 2014ರ ಮೇ ತಿಂಗಳಲ್ಲಿ ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಹಾಗೆ ಪರೀಕ್ಷಿಸಿದ ವಿದೇಶಿ ಸಾಧನಗಳ ಆಮದಿಗೂ ತಡೆ ಬಿತ್ತು. ಆದರೆ ಇದು ಪರೀಕ್ಷೆಗೆ ಸಂಬಂಧಿಸಿದ ನಿಯಮ. ಒಳಗಿನ ಪದಾರ್ಥ ಸಸ್ಯಜನ್ಯವೇ ಎಂಬುದಕ್ಕೆ ಖಾತರಿಯಲ್ಲ.

ಸುಲಭದ ದಾರಿ ಎಂದರೆ, ಅಡುಗೆಗೆ ಯೋಗ್ಯವೆಂದು ಮಾರುವ, ಒಂದೇ ಪದಾರ್ಥದ ಎಣ್ಣೆಯನ್ನು ಕೊಳ್ಳುವುದು. ಅದರ ಮೇಲೆ ಹಸಿರು ಚುಕ್ಕೆಯೂ ಇರುತ್ತದೆ, ತಯಾರಿಸಿದ ದಿನಾಂಕವೂ ಇರುತ್ತದೆ.

ಆಯುರ್ವೇದ ತೈಲಗಳ ವಿಷಯ

ಆಯುರ್ವೇದದ್ದು ಎಂದ ಮಾತ್ರಕ್ಕೆ ಎಲ್ಲವೂ ಗಿಡಮೂಲಿಕೆ ಎಂದು ತಿಳಿಯಬಾರದು. ಮಹಾಮಾಷ ತೈಲದಲ್ಲಿ ಎರಡು ಬಗೆ: ಸಾಮಿಷ ಮತ್ತು ನಿರಾಮಿಷ. ಮೊದಲನೆಯದನ್ನು ಆಡಿನ ಮಾಂಸ ಸೇರಿಸಿ ಕಾಯಿಸುತ್ತಾರೆ. ವೈದ್ಯರು ಬರೆದುಕೊಟ್ಟಾಗ ‘ನಿರಾಮಿಷ’ ಎಂದು ಸ್ಪಷ್ಟವಾಗಿ ಕೇಳಿ. ಲಾಕ್ಷಾದಿ ತೈಲದಲ್ಲಿ ಅರಗು ಇರುತ್ತದೆ. ಅದು ಅರಗಿನ ಹುಳುವಿನಿಂದ ಬರುವುದು. ಕ್ಷೀರಬಲಾ ತೈಲದಲ್ಲಿ ಹಾಲು ಇರುತ್ತದೆ. ಹಾಲನ್ನೂ ಬಿಟ್ಟವರು ಗಮನಿಸಬೇಕು. ಈಚೆಗೆ ಬಹಳ ಮಾರಾಟವಾಗುತ್ತಿರುವ ಈರುಳ್ಳಿ ಕೂದಲೆಣ್ಣೆಯನ್ನು ಕಂದಮೂಲ ತ್ಯಜಿಸಿದವರು ತಮ್ಮ ನಿಯಮಕ್ಕೆ ತಕ್ಕಂತೆ ಬಿಡಬಹುದು.

ಗಾಣಕ್ಕೆ ಹೋಗುವ ಮುನ್ನ

ಹದಿನೈದು ಕರ್ಮಾದಾನಗಳಲ್ಲಿ ಯಂತ್ರಪೀಡನವೂ ಒಂದು. ಎಳ್ಳು, ಕಬ್ಬುಗಳನ್ನು ಯಂತ್ರದಲ್ಲಿ ಅರೆಯುವ ಕಸುಬು ಇದರಲ್ಲಿ ಸೇರುತ್ತದೆ. ಹದಿಮೂರನೆಯ ಶತಮಾನದ ಆಶಾಧರ ಪಂಡಿತರ ಸಾಗಾರಧರ್ಮಾಮೃತದಲ್ಲೂ, ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲೂ ಇದರ ಪ್ರಸ್ತಾಪವಿದೆ. ಕಾಳಿನೊಳಗೆ ಹುಳು ಇದ್ದರೆ ಕಾಳಿನ ಜೊತೆ ಅದೂ ಅರೆದುಹೋಗುತ್ತದೆ ಎಂಬುದು ಇದರ ಹಿಂದಿನ ಕಾಳಜಿ. ಹಿಂದಿನ ಗಾಣದಲ್ಲಿ ಕಣ್ಣು ಕಟ್ಟಿದ ಎತ್ತು ದಿನವಿಡೀ ಸುತ್ತಬೇಕಿತ್ತು. ಈಗ ಬಹುಪಾಲು ಮರದ ಗಾಣಗಳು ವಿದ್ಯುತ್ತಿನಿಂದ ನಡೆಯುವುದರಿಂದ ಆ ಹಿಂಸೆ ಇಲ್ಲ. ಆದರೆ ಕಾಳಿನ ಶೋಧನೆ ಇಂದಿಗೂ ನಮ್ಮ ಕೈಯಲ್ಲೇ ಇದೆ.

ಗಾಣಕ್ಕೆ ಕಾಳು ಕೊಡುವವರು ಹೀಗೆ ಮಾಡಬಹುದು:

- ಹೊಸ ಬೆಳೆಯ ಕಾಳನ್ನೇ ಕೊಳ್ಳಿ. ಮಳೆಗಾಲದಲ್ಲಿ ಕಾಳಿಗೆ ಹುಳು ಬೀಳುವುದು ಹೆಚ್ಚು. ವರ್ಷದ ಎಣ್ಣೆಯನ್ನು ಬೇಸಿಗೆಯಲ್ಲೇ ಮಾಡಿಸಿಕೊಳ್ಳುವುದು ಉತ್ತಮ.
- ಹಗಲು ಬೆಳಕಿನಲ್ಲಿ ಜರಡಿ ಹಿಡಿದು, ಮೊರದಲ್ಲಿ ಕೇರಿ, ಹುಳು ಕಂಡರೆ ನೆರಳಿನಲ್ಲಿ ಬಿಡಿ. ಶೋಧಿಸಿದ ಮೇಲೆ ಬಿಸಿಲಿಗೆ ಹಾಕಿ. ಮೊದಲೇ ಸುಡುಬಿಸಿಲಿಗೆ ಹರಡಿದರೆ ಹುಳುಗಳು ಸಾಯುತ್ತವೆ.
- ಕೊಬ್ಬರಿಯನ್ನು ಒಡೆದು ಒಳಗೆ ಬೂಷ್ಟು, ಹುಳು ಇಲ್ಲವೆಂದು ನೋಡಿ. ಬೂಷ್ಟು ಹಿಡಿದ ಕೊಬ್ಬರಿಯ ಎಣ್ಣೆ ಚರ್ಮಕ್ಕೂ ಒಳ್ಳೆಯದಲ್ಲ.
- ಎಳ್ಳು ಅರೆಯುವಾಗ ಬೆಲ್ಲ ಹಾಕುವ ರೂಢಿ ಇದೆ. ಬೇಕೋ ಬೇಡವೋ ಮೊದಲೇ ಹೇಳಿ.

ಗಾಣದಲ್ಲೇ ಸಿದ್ಧ ಎಣ್ಣೆ ಕೊಳ್ಳುವವರು ಒಂದು ಲೆಕ್ಕ ತಿಳಿದಿರಬೇಕು. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆ. ಮರದ ಗಾಣದಲ್ಲಿ ಅದೂ ಪೂರ್ತಿ ಇಳಿಯದು. ಒಂದು ಲೀಟರಿಗೆ ಎರಡು ಕಿಲೋಗಿಂತ ಹೆಚ್ಚು ಎಳ್ಳು ಬೇಕು. ಎರಡು ಕಿಲೋ ಎಳ್ಳಿನ ಬೆಲೆಗಿಂತ ಕಡಿಮೆಗೆ ಒಂದು ಲೀಟರ್ ‘ಗಾಣದ ಎಳ್ಳೆಣ್ಣೆ’ ಕೊಟ್ಟರೆ ಬೆರಕೆಯನ್ನು ಸಂಶಯಿಸಬೇಕು. ಬೆರಕೆಯನ್ನು ಹಗುರವಾಗಿ ಕಾಣಬಾರದು. 1998ರಲ್ಲಿ ದೆಹಲಿಯಲ್ಲಿ ಆರ್ಜಿಮೋನ್ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಜನ ಕಾಲು ಊದಿ, ಪ್ರಾಣ ಕಳೆದುಕೊಂಡರು.

ಮಕ್ಕಳು, ಬಾಣಂತಿಯರು, ಹಿರಿಯರು

ಯಾವ ಹೊಸ ಎಣ್ಣೆಯನ್ನಾದರೂ ಮೊದಲು ಮೊಳಕೈ ಒಳಭಾಗದಲ್ಲಿ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಬೇಕು. ಕೆಂಪಾದರೆ, ತುರಿಸಿದರೆ ಬಿಡಬೇಕು.

ಹಸುಗೂಸಿನ ಕಿವಿ, ಮೂಗಿಗೆ ಎಣ್ಣೆ ಬಿಡುವ ರೂಢಿಯನ್ನು ನಿಲ್ಲಿಸಬೇಕು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ನೆಗಡಿಯಾದಾಗ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚುವುದೂ ಎಳೆಯ ಮಕ್ಕಳಿಗೆ ಅಪಾಯ. ಕರ್ಪೂರದಿಂದ ಸೆಳವು ಬರಬಹುದು. ಬಾಣಂತಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಗಾಯ ಮಾಯುವವರೆಗೆ ಹೊಟ್ಟೆಯ ಮೇಲೆ ತಿಕ್ಕಬಾರದು. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ತಿಕ್ಕದೆ ಆಸ್ಪತ್ರೆಗೆ ಹೋಗಬೇಕು. ಜ್ವರ, ಮೂಳೆ ಮುರಿತ, ತೆರೆದ ಗಾಯ ಇದ್ದಾಗಲೂ ಎಣ್ಣೆಸ್ನಾನ ಬೇಡ. ಹಿರಿಯರಿಗೆ ಅಂಗಾಲಿಗೆ ಎಣ್ಣೆ ಹಚ್ಚಿದ ಮೇಲೆ ಒರೆಸದೆ ನಡೆಸಬಾರದು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದು ಹೀಗೆಯೇ.

ವೈಯಾವೃತ್ತ್ಯದಲ್ಲಿ ಎಣ್ಣೆ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಶರೀರ ಸಂಸ್ಕಾರಕ್ಕಾಗಿ ಅವರು ಎಣ್ಣೆ ಬಳಸುವುದಿಲ್ಲ. ಆದರೆ ಆರು ಅಂತರಂಗ ತಪಗಳಲ್ಲಿ ವೈಯಾವೃತ್ತ್ಯ ಸೇರಿದೆ. ಶ್ರವಣಬೆಳಗೊಳದ ಕಡೆಗೆ ವಿಹಾರ ಮಾಡುವ ತ್ಯಾಗಿಗಳ ಕಾಲು ಊದಿದಾಗ, ಬಳಲಿದಾಗ ಶ್ರಾವಕರು ಎಣ್ಣೆ ಹಚ್ಚಿ ಸೇವೆ ಮಾಡುವುದುಂಟು. ಆಗ ಸಂಘದ ಅನುಮತಿ ಪಡೆದು, ಸುಗಂಧವಿಲ್ಲದ, ಶೋಧಿಸಿದ ಕಾಳಿನ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಳಸಬೇಕು. ಪದಾರ್ಥ ಗೊತ್ತಿಲ್ಲದ ನೋವಿನ ಮುಲಾಮು ಒಯ್ಯಬಾರದು. ಆರ್ಯಿಕೆಯರ ಸೇವೆಯನ್ನು ಶ್ರಾವಿಕೆಯರೇ ಮಾಡಬೇಕು.

ಇಡುವ ಕ್ರಮ

ಎಣ್ಣೆಯನ್ನು ಬಣ್ಣದ ಗಾಜಿನ ಸೀಸೆಯಲ್ಲೋ ಸ್ಟೀಲ್ ಪಾತ್ರೆಯಲ್ಲೋ ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ಕಡೆ ಇಡಿ. ತೆರೆದಿಟ್ಟ ಬಟ್ಟಲಿನಲ್ಲಿ ರಾತ್ರಿ ದೀಪದ ಹುಳುಗಳು ಬಿದ್ದು ಸಾಯುತ್ತವೆ. ಬೇಕಾದಷ್ಟನ್ನೇ ಬಟ್ಟಲಿಗೆ ಸುರಿದುಕೊಂಡು, ಹಗಲಿನಲ್ಲೇ ಬಳಸಿ. ನೆಲಕ್ಕೆ ಬಿದ್ದ ಎಣ್ಣೆಗೆ ಇರುವೆ ಅಂಟಿಕೊಳ್ಳುತ್ತವೆ. ಕೂಡಲೇ ಬಟ್ಟೆಯಿಂದ ಒರೆಸಿ. ಜಿಡ್ಡು ತೆಗೆಯಲು ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟು ಸಾಕು. ಉಳಿದ ಕುದಿನೀರನ್ನು ಆರಿದ ಮೇಲೆಯೇ ಹೊರಗೆ ಚೆಲ್ಲಿ. ಕಮಟು ವಾಸನೆ ಬಂದ ಎಣ್ಣೆಯನ್ನು ಮೈಗೆ ಹಚ್ಚಬೇಡಿ.

ಹೊಸದಾಗಿ ಆರಂಭಿಸುವ ಮನೆಗೆ ಮೂರು ಎಣ್ಣೆ ಸಾಕು: ಅಭ್ಯಂಗಕ್ಕೆ ಎಳ್ಳೆಣ್ಣೆ, ಮಕ್ಕಳಿಗೂ ತಲೆಗೂ ಕೊಬ್ಬರಿ ಎಣ್ಣೆ, ಹಿಮ್ಮಡಿಗೆ ಒಂದು ಸಣ್ಣ ಸೀಸೆ ಹರಳೆಣ್ಣೆ. ಮೂರೂ ನಮ್ಮ ತಾಲ್ಲೂಕುಗಳಲ್ಲೇ ಸಿಗುತ್ತವೆ, ಮೂರರ ಮೂಲವೂ ಕಣ್ಣಿಗೆ ಕಾಣುತ್ತದೆ.