ಗ್ರಹಣದ ದಿನ ಮಸಿ ಗ್ಲಾಸು

ಎಂಗೊ ಸಣ್ಣಾಗಿಪ್ಪಗ ಮಾಡಿದ ಲೂಟಿಗಳ ಲೆಕ್ಕ ಹಾಕಿರೆ ಒಂದು ಪುಸ್ತಕ ಅಕ್ಕು. ಚೆಂಡಿ ಕೈಯ ಉಪ್ಪಿನಕಾಯಿ ಭರಣಿಗೆ ಹಾಕಿ ಇಡೀ ವರ್ಷದ ಮಾವಿನಮೆಡಿ ಹಾಳು ಮಾಡಿದ್ದು, ಜಾಲಿಲಿ ಒಣಗುಲೆ ಹಾಕಿದ ಹಲಸಿನಕಾಯಿ ಹಪ್ಪಳವ ಹಸಿಯೇ ತಿಂದು ಮುಗಿಶಿದ್ದು, ತಮ್ಮನ ಅಡಕ್ಕೆ ಹಾಳೆಲಿ ಕೂರ್ಸಿ ಗುಡ್ಡೆಂದ ಕೆಳ ಎಳದು ಅವನ ಮೊಳಪ್ಪು ಕೆತ್ತುಸಿದ್ದು. ಈಗ ಹೇಳುವಗ ಎಂಗೊಗೇ ನೆಗೆ ಬತ್ತು. ಒಂದರ ಮಾಂತ್ರ ಆನು ಸುಮಾರು ವರ್ಷ ಆರತ್ರೂ ಹೇಳಿದ್ದಿಲ್ಲೆ.

ಅದು 1980ನೇ ಇಸವಿ ಫೆಬ್ರವರಿ 16, ಶೆನಿವಾರ. ಶಿವರಾತ್ರಿಯ ಬೆನ್ನಿಂಗೇ ಬಂದ ಅಮಾಸೆ. ಅಂದು ಸೂರ್ಯಗ್ರಹಣ. ನಿಂಗಳಲ್ಲಿ ಐವತ್ತು ದಾಂಟಿದವಕ್ಕೆ ನೆಂಪಿಕ್ಕು. ಕಾರವಾರ, ಅಂಕೋಲೆ, ಹುಬ್ಬಳ್ಳಿ, ರಾಯಚೂರು ಜಿಲ್ಲೆ – ಆ ಹೊಡೆಲಿ ನೆಡು ಹಗಲು ಪೂರ್ತಿ ಕಸ್ತಲೆ ಆತು. ವಿಜ್ಞಾನಿಗೊ ದುರ್ಬೀನು ಹಿಡ್ಕೊಂಡು ಅಲ್ಲಿ ಬಿಡಾರ ಹೂಡಿತ್ತಿದ್ದವು. ಎಂಗಳ ಕುಂಬಳೆ ಸೀಮೆಲಿ ಸೂರ್ಯ ಪೂರ್ತಿ ಮುಚ್ಚಿದ್ದಿಲ್ಲೆ, ಸಪೂರದ ಒಂದು ಬರೆ ಒಳುದತ್ತು. ಪೂರ್ತಿ ಮುಚ್ಚಿದ ಆ ಎರಡು ಮೂರು ನಿಮಿಷ ಬರಿ ಕಣ್ಣಿಲಿ ನೋಡಿರೂ ತೊಂದರೆ ಇಲ್ಲೆಡ. ಬರೆ ಒಳುದರೆ ಮಾಂತ್ರ ಒಂದು ಕ್ಷಣವೂ ನೋಡ್ಲಾಗ. ಎಂಗೊಗೆ ಇದು ಗೊಂತಾದ್ದು ಎಷ್ಟೋ ವರ್ಷ ಕಳುದ ಮತ್ತೆ.

ಎಂಗಳ ಊರಿಂಗೆ ಗ್ರಹಣ ಹೊಸತ್ತೇನೂ ಅಲ್ಲ. 1871ರ ದಶಂಬರ 12ಕ್ಕೆ ಉದಿಯಪ್ಪಗ ಇಲ್ಲಿಯೇ ಪೂರ್ಣ ಗ್ರಹಣ ಆಗಿತ್ತು. ಅದರ ನೋಡ್ಲೆ ನಾರ್ಮನ್ ಲಾಕ್ಯರ್ ಹೇಳ್ತ ವಿಜ್ಞಾನಿ ಇಂಗ್ಲೆಂಡಿಂದ ಹಡಗಿಲಿ ಬಂದು ನಮ್ಮ ಬೇಕಲ ಕೋಟೆಲಿ ದುರ್ಬೀನು ಮಡಿಕ್ಕೊಂಡು ಕೂದಿತ್ತಿದ್ದವು. ಅದಕ್ಕೆ ಮೂರು ವರ್ಷ ಮದಲೇ ಸೂರ್ಯನ ಬೆಣಚ್ಚಿಲಿ ಅವು ಕಂಡ ಅರಶಿನ ಬಣ್ಣದ ಗೆರೆಯೇ ಹೀಲಿಯಂನ ಪತ್ತೆಗೆ ದಾರಿ ಆದ್ದು. ಜಾತ್ರೆಲಿ ಮಕ್ಕೊಗೆ ಬಲೂನಿಂಗೆ ತುಂಬುಸಿ ಕೊಡ್ತವಲ್ಲದೊ, ಅದೇ ಹೀಲಿಯಂ. ಶಾಲೆಂದ ಎಂಗಳ ಬೇಕಲಕ್ಕೆ ಕರಕ್ಕೊಂಡು ಹೋಗಿತ್ತಿದ್ದವು. ಇಕ್ಕೇರಿ ನಾಯಕರ ಕೋಟೆ ಹೇಳಿ ಗೊಂತಿತ್ತು, ಈ ಕತೆ ಆರೂ ಹೇಳಿದ್ದವಿಲ್ಲೆ.

ಮನೆಲಿ ಅಜ್ಜಿದೇ ಕಾನೂನು. ಉಪ್ಪಿನಕಾಯಿ ಭರಣಿಗೆ, ಮಜ್ಜಿಗೆ ಅಳಗೆಗೆ ಪೂರ ದರ್ಭೆ ಹಾಕಿತ್ತು. ಒಲೆ ನಂದುಸಿತ್ತು, ಮೆಟ್ಟುಕತ್ತಿ ಒಳ ಮಡಗಿತ್ತು. ಹರಿವಾಣದ ನೀರಿಲಿ ಒನಕೆಯ ನೆಟ್ಟಗೆ ನಿಲ್ಸಿತ್ತು, ಗ್ರಹಣ ಬಿಡುವಗ ತನ್ನಷ್ಟಕ್ಕೇ ಬೀಳ್ತು ಹೇಳಿ. ಚಿಕ್ಕಮ್ಮ ಬಸರಿ, ಅದರ ಒಳಾಣ ಕೋಣೆಲಿ ಕೂರ್ಸಿ ಬಾಗಿಲು ಹಾಕಿದವು. ಮಕ್ಕೊ ಆರೂ ಹೆರ ಕಾಲು ಮಡುಗುಲಾಗ.

ಎಂಗೊ ಇಬ್ರೂ ಹಟ್ಟಿ ಬಾಗಿಲಿಲೆ ಹೆರ ಹಾರಿದೆಯೊ. ಎನಗೆ ಹನ್ನೊಂದು, ತಮ್ಮಂಗೆ ಎಂಟು.

ಹಟ್ಟಿ ಹಿಂದಾಣ ಮಾವಿನ ಮರದ ಬುಡಲ್ಲಿ ನೆಲಲ್ಲಿ ಇಡೀ ಬಿದಿಗೆ ಚಂದ್ರಂಗೊ! ಎಲೆಗಳ ಸಣ್ಣ ಸಂದಿಂದ ಬೀಳ್ತ ಬೆಣಚ್ಚಿನ ಒಂದೊಂದು ಬೊಟ್ಟೂ ಸೂರ್ಯನ ಪಟವೇ. ದಿನಾಗ್ಲೂ ಹಾಂಗೆಯೇ, ಸೂರ್ಯ ಉರುಟು ಇಪ್ಪ ಕಾರಣ ನವಗೆ ಅಂದಾಜು ಆವ್ತಿಲ್ಲೆ. ತಮ್ಮ ಅದರ ಅಂಗೈಲಿ ಹಿಡುದು "ಅಕ್ಕಾ, ಎನ್ನ ಕೈಲಿ ಚಂದ್ರ" ಹೇಳಿ ಕೊಣುದ. ಅಷ್ಟಕ್ಕೇ ನಿಂದಿದ್ದರೆ ಆನು ಇದರ ಬರೆಯೆಕ್ಕಾದ್ದೇ ಇಲ್ಲೆ.

ಮುನ್ನಾಣ ದಿನವೇ ಆನು ಅಟ್ಟಲ್ಲಿ ಇದ್ದ ದೇವರ ಪಟದ ಒಡದ ಗ್ಲಾಸಿನ ಎರಡು ತುಂಡಿನ ಚಿಮಿಣಿ ದೀಪಕ್ಕೆ ಹಿಡುದು ಮಸಿ ಮಾಡಿ ಮಡಗಿತ್ತಿದ್ದೆ. ಒಂದಕ್ಕೆ ಮಸಿ ದಪ್ಪ ಹಿಡುದಿತ್ತು. ಇನ್ನೊಂದರಲ್ಲಿ ಆನೇ ಬೆರಳಿಲಿ ಹೆಸರು ಬರದು ಉದ್ದಿತ್ತಿದ್ದೆ. ದಪ್ಪದ್ದರ ಆನು ಮಡಿಕ್ಕೊಂಡೆ, ಉದ್ದಿದ್ದರ ತಮ್ಮಂಗೆ ಕೊಟ್ಟೆ. ಆರು ಹೆಚ್ಚು ಹೊತ್ತು ನೋಡ್ತವೋ ಅವಕ್ಕೆ ಒಂದು ತುಂಡು ಬೆಲ್ಲ ಹೇಳಿ ಪಂಥ. ಎನಗೆ ಮೂವತ್ತು ಎಣುಸುವಗಳೇ ಕಣ್ಣಿಲಿ ನೀರು ಬಂತು, ಬಿಟ್ಟೆ. ಅಂವ ಎಡದ ಕಣ್ಣು ಮುಚ್ಚಿ, ಬಲದ್ದರಲ್ಲಿ ನೋಡಿಗೊಂಡು ನೂರು ಮುಟ್ಟುಸಿದ. ಬೆಲ್ಲ ಕೊಡ್ಲೆ ಎನಗೆ ಮನಸ್ಸಿಲ್ಲೆ. "ಎಡೆಲಿ ಲೆಕ್ಕ ತಪ್ಪಿತ್ತು, ಇನ್ನೊಂದರಿ" ಹೇಳಿದೆ. ಅಂವ ಇನ್ನೊಂದರಿ ನೋಡಿದ.

ಇರುಳು ಹಸೆಲಿ ಮನುಗಿಪ್ಪಗ ಅಂವ ಮೆಲ್ಲಂಗೆ, "ಅಕ್ಕಾ, ದೀಪದ ನೆಡುಕೆ ಒಂದು ಕಪ್ಪು ಬೊಟ್ಟು ಕಾಣ್ತು" ಹೇಳಿದ. "ನಾಳಂಗೆ ಸರಿ ಅಕ್ಕು. ಅಪ್ಪಂಗೆ ಹೇಳಿರೆ ಇಬ್ರಿಂಗೂ ಬೆತ್ತದ ಪೆಟ್ಟು" ಹೇಳಿದೆ ಆನು. ಬೊಟ್ಟು ದಿನ ಹೋದ ಹಾಂಗೆ ಸಣ್ಣ ಆತು, ಆದರೆ ಪೂರ ಹೋಯಿದಿಲ್ಲೆ. ಕಣ್ಣಿನ ಒಳಾಣ ಪರದೆಗೆ ಬೇನೆ ಗೊಂತಾವ್ತಿಲ್ಲೆಡ, ಸುಡುವಗ ಒಂದು ಚೂರೂ ಉರಿತ್ತಿಲ್ಲೆ. ಮಸಿ ಗ್ಲಾಸು ಬೆಣಚ್ಚಿನ ಕಮ್ಮಿ ಮಾಡ್ತು, ಕಣ್ಣಿಂಗೆ ಕಾಣದ್ದ ಕಿರಣವ ತಡೆತ್ತಿಲ್ಲೆ. ಎಡದ ಕಣ್ಣು ಸರಿ ಇದ್ದ ಕಾರಣ ಶಾಲೆಲಿಯೂ ಮನೆಲಿಯೂ ಆರಿಂಗೂ ಅಂದಾಜು ಆತಿಲ್ಲೆ.

ಹತ್ತು ವರ್ಷ ಕಳುದು ತಮ್ಮಂಗೆ ಒಂದು ಕೆಲಸ ಸಿಕ್ಕುವ ಹಾಂಗೆ ಇತ್ತು. ಕಣ್ಣು ಪರೀಕ್ಷೆ ಆಯೆಕ್ಕು ಹೇಳಿದವು. ಅಪ್ಪನೊಟ್ಟಿಂಗೆ ಆನುದೇ ಹೋಗಿತ್ತಿದ್ದೆ. ಡಾಕ್ಟ್ರು ಬೆಣಚ್ಚು ಬಿಟ್ಟು ನೋಡಿದವು, ಮತ್ತೊಂದರಿ ನೋಡಿದವು. "ಸಣ್ಣವನಿರುವಾಗ ಸೂರ್ಯನನ್ನು ನೋಡಿದ್ದುಂಟಾ?" ಕೇಳಿದವು. ತಮ್ಮ ಎನ್ನ ಮೋರೆ ನೋಡಿದ. ಮತ್ತೆ ಅವರತ್ರೆ "ಇಲ್ಲ" ಹೇಳಿದ. ಹಾಂಗಾರೆ ಹುಟ್ಟಿಂದಲೇ ಇಪ್ಪ ದೋಷ ಆದಿಕ್ಕು ಹೇಳಿ ಡಾಕ್ಟ್ರು ಬರದು ಕೊಟ್ಟವು. ಕೆಲಸ ಹೋತು.

ಎನ್ನ ಬಚಾವು ಮಾಡ್ಲೆ ಅಂವ ಹೇಳಿದ ಆ ಒಂದು ಮಾತು ಹೋಗಿ ಅಬ್ಬೆಯ ತಲಗೆ ಬಿದ್ದತ್ತು. ಹುಟ್ಟಿಂದಲೇ ಹೇಳಿ ಕೇಳಿದ ಕೂಡ್ಲೇ ಅಜ್ಜಿಗೆ 1971ರ ಆಗಸ್ಟ್ 6ರ ಇರುಳು ನೆಂಪಾತು. ಅಂದು ನೆಡು ಇರುಳು ಕಳುದು ಚಂದ್ರಗ್ರಹಣ. ತಮ್ಮ ಹೊಟ್ಟೆಲಿ, ಅಬ್ಬೆಗೆ ಏಳು ತಿಂಗಳು. ಹಟ್ಟಿಲಿ ದನ ಕಂಜಿ ಹಾಕುಲೆ ಬಂಙ ಬತ್ತಾ ಇತ್ತು. ಅಬ್ಬೆ ಲಾಟನು ಹಿಡ್ಕೊಂಡು ಹೋಗಿತ್ತು. "ಬಸರಿ ಹೆಂಗಸು ಗ್ರಹಣಲ್ಲಿ ಹೆರ ಇಳುದರೆ ಹೀಂಗೆಯೇ ಅಪ್ಪದು, ಆನು ಅಂದೇ ಹೇಳಿತ್ತಿದ್ದೆ" ಹೇಳಿತ್ತು ಅಜ್ಜಿ. ಎಲ್ಲೋರ ಎದುರೇ. ಅಬ್ಬೆ ಒಂದು ಮಾತು ಎದುರು ಹೇಳಿದ್ದಿಲ್ಲೆ. ಆ ವಾರಂದ ಆದಿತ್ಯವಾರ ಒಪ್ಪೊತ್ತು ಸುರು ಮಾಡಿತ್ತು, ಸೂರ್ಯದೇವರು ಮಗನ ಕಣ್ಣು ಸರಿ ಮಾಡ್ಲಿ ಹೇಳಿ.

ಅಜ್ಜಿಯ ಬೈವಲೆ ಎನಗೆ ಬಾಯಿ ಬತ್ತಿಲ್ಲೆ. ಮಕ್ಕೊ ಹೆರ ಹೋಪಲಾಗ ಹೇಳಿದ್ದು ಅದುವೇ, ಅದು ಸರಿಯೇ ಇತ್ತು. ಚಂದ್ರಗ್ರಹಣಕ್ಕೂ ಹೊಟ್ಟೆಲಿಪ್ಪ ಶಿಶುವಿನ ಕಣ್ಣಿಂಗೂ ಎಂತ ಸಂಬಂಧವೂ ಇಲ್ಲೆ ಹೇಳುವದು ಎನಗಾದರೂ ಗೊಂತಿತ್ತು. ಆನು ಅಲ್ಲೇ ಬಾಗಿಲ ಕರೆಲಿ ನಿಂದಿತ್ತಿದ್ದೆ. ಎನ್ನ ಮದುವೆಗೆ ಮಾತುಕತೆ ನೆಡಕ್ಕೊಂಡು ಇದ್ದ ಸಮಯ. ಬಾಯಿ ಬಿಟ್ಟಿದಿಲ್ಲೆ. ಮತ್ತೆ ಅಜ್ಜಿ ತೀರಿಹೋತು, ಅಪ್ಪನೂ ಹೋದವು. ಪ್ರತಿ ಸರ್ತಿ ಅಪ್ಪನ ಮನಗೆ ಹೋದಿಪ್ಪಗ, ಆದಿತ್ಯವಾರ ಇರುಳು ಎಂಗೊಗೆಲ್ಲ ಬಳುಸಿ ಅಬ್ಬೆ ಒಂದು ಗ್ಲಾಸು ಮಜ್ಜಿಗೆ ಕುಡುದು ಏಳುಗು.

2019ರ ದಶಂಬರ 26, ಗುರುವಾರ. ಈ ಸರ್ತಿ ಕಂಕಣ ಗ್ರಹಣ, ಅದುದೇ ಎಂಗಳ ಕಾಸರಗೋಡಿಲಿಯೇ. ನೋಡ್ಲೆ ಹೇಳಿ ಚೆರುವತ್ತೂರಿಂಗೆ ದೂರ ದೂರಂದ ಜೆನ ಬಂದಿತ್ತಿದ್ದವು. ಎಂಗೊ ಪೂರ ಅಪ್ಪನ ಮನೆಲಿ ಸೇರಿತ್ತಿದ್ದೆಯೊ. ತಮ್ಮ ಮಕ್ಕೊಗೆ ಗ್ರಹಣದ ಕನ್ನಡ್ಕ ತರುಸಿತ್ತಿದ್ದ. "ಸರೀ ಮಡಿಕ್ಕೊ, ಸರೀ ಮಡಿಕ್ಕೊ" ಹೇಳಿ ಮಗಳತ್ರೆ ಹತ್ತು ಸರ್ತಿ ಹೇಳಿಕ್ಕು. ಅಂವ ಮೇಲೆ ನೋಡಿದ್ದಿಲ್ಲೆ. ಒಂಬತ್ತೂಕಾಲು ಕಳುದಪ್ಪಗ ಮಾವಿನ ಮರದ ಬುಡಲ್ಲಿ ನೆಲ ನೋಡಿಗೊಂಡು ನಿಂದಿತ್ತಿದ್ದ. ಈ ಸರ್ತಿ ನೆಲಲ್ಲಿ ಚಂದ್ರ ಅಲ್ಲ, ಬಳೆಗೊ. "ಅಕ್ಕಾ, ಬಾ ಇಲ್ಲಿ" ಹೇಳಿ ದಿನಿಗೇಳಿದ. ಎನಗೆ ಹೋಪಲೆ ಎಡಿಗಾಯಿದಿಲ್ಲೆ. ಸೀದ ಒಳ ಹೋಗಿ ಅಬ್ಬೆಯ ಹತ್ತರೆ ಕೂದು ಪೂರ ಹೇಳಿದೆ. ಮಸಿ ಗ್ಲಾಸು, ಬೆಲ್ಲದ ಪಂಥ, ಡಾಕ್ಟ್ರ ಎದುರು ಅಂವ ಹೇಳಿದ ಲೊಟ್ಟೆ.

ಅಬ್ಬೆ ಸುಮಾರು ಹೊತ್ತು ಮಾತಾಡಿದ್ದಿಲ್ಲೆ. "ಆ ಗ್ಲಾಸು ಅಟ್ಟಂದ ತೆಗದ್ದೋ?" ಕೇಳಿತ್ತು. ಅಪ್ಪು ಹೇಳಿದೆ. ಮತ್ತೆ ರಜ ಹೊತ್ತು ಕಳುದು ಹೇಳಿತ್ತು: "ಅತ್ತೆ ಇಪ್ಪಗ ಹೇಳೆಕ್ಕಾತು ಮಗಳೂ ನೀನು."

ಗ್ರಹಣ ಬಿಟ್ಟತ್ತು. ಅಬ್ಬೆ ಮೀವಲೆ ಹೋತು, ಆನು ಒಲೆಗೆ ಕಿಚ್ಚು ಹಾಕಿದೆ.

ಆ ಆದಿತ್ಯವಾರ ಇರುಳು ತಮ್ಮಂಗೆ ಫೋನು ಮಾಡಿ, ಅಬ್ಬೆ ಉಂಡತ್ತೋ ಕೇಳಿದೆ. "ಇಲ್ಲೆ ಅಕ್ಕಾ. ಅಭ್ಯಾಸ ಆಗಿ ಹೋಯಿದಡ" ಹೇಳಿದ.