ಗಂಡಸರ ಅಂಗರಾಗವೂ ಜಾಹೀರಾತಿನ ಹಾಸ್ಯವೂ

ಯುದ್ಧ-ಸಂಧಾನಗಳು ಮಾತ್ರವೇ ಚರಿತ್ರೆಯ ವಸ್ತುವಲ್ಲ. ನಿತ್ಯದ ಸ್ನಾನ-ಲೇಪನಗಳೂ ಒಂದು ಕಾಲದ ಮನೋಧರ್ಮವನ್ನು ತಿಳಿಸಬಲ್ಲವು. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಪೇಟೆಯಂತಹ ಕಡೆಗಳಲ್ಲಿಯೂ ಇಂದು ಗಂಡಸರಿಗೆಂದೇ ಮೀಸಲಾದ ಮುಖದ ಕ್ರೀಮು ದೊರೆಯುತ್ತದೆ. ಅದನ್ನು ಕೊಳ್ಳುವಂತೆ ಗಂಡಸನ್ನು ಒಲಿಸಿದ ಸಾಧನಗಳಲ್ಲಿ ಹಾಸ್ಯವೂ ಒಂದು. ಆ ಹಾಸ್ಯವು ಯಾರನ್ನು ಕುರಿತು ನಕ್ಕಿತೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೈಯ ಆರೈಕೆಯು ಹೆಂಗಸರ ಸೊತ್ತೆಂಬ ಭಾವನೆ ನಮ್ಮ ನಾಡಿನಲ್ಲಿ ಪುರಾತನವಾದುದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಅರಸನ ಉಪಭೋಗಗಳಲ್ಲಿ ಸ್ನಾನ, ವಿಲೇಪನಗಳನ್ನು ವಿವರವಾಗಿ ಎಣಿಸಿದೆ. ಅರಮನೆಯ ಮಾತಿರಲಿ, ಯುಗಾದಿ-ದೀಪಾವಳಿಗಳಲ್ಲಿ ಸಾಮಾನ್ಯ ಒಕ್ಕಲಿನ ಮನೆಯಲ್ಲಿಯೂ ಗಂಡಸರು ಎಣ್ಣೆ ಹಚ್ಚಿಸಿಕೊಂಡು ಸೀಗೆಪುಡಿಯಿಂದ ಮೀಯುವುದು ರೂಢಿ. ಇದರಿಂದ ಪೌರುಷಕ್ಕೆ ಕುಂದೆಂದು ಯಾರೂ ಬಗೆದಿಲ್ಲ.

ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡುಗಳ ರಫ್ತು ಕುಗ್ಗಿದಾಗ, ಮೈಸೂರು ಸಂಸ್ಥಾನವು ಗಂಧದೆಣ್ಣೆಯ ತಯಾರಿಕೆಯನ್ನು ಕೈಗೊಂಡಿತು. 1918ರ ಸುಮಾರಿಗೆ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಟ್ರಾಮ್ ಟಿಕೆಟ್ಟು, ಬೆಂಕಿಪೆಟ್ಟಿಗೆಗಳ ಮೇಲೆ ಅದರ ಪ್ರಚಾರ ನಡೆಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ಹೊರಟಿತು. ಜನರನ್ನು ರಂಜಿಸಿ ಸರಕನ್ನು ಪರಿಚಯಿಸುವ ಈ ಪ್ರಯತ್ನಗಳಲ್ಲಿ ಯಾರನ್ನೂ ನಾಚಿಸಬೇಕಾದ ಅಗತ್ಯ ಬೀಳಲಿಲ್ಲ. ಮನೆಮಂದಿಗೆಲ್ಲ ಒಂದೇ ಸಾಬೂನು ಸಾಕಾಗಿತ್ತು.

2005ರಲ್ಲಿ ಕಲ್ಕತ್ತೆಯ ಇಮಾಮಿ ಸಂಸ್ಥೆ 'ಫೇರ್ ಅಂಡ್ ಹ್ಯಾಂಡ್‌ಸಮ್' ಎಂಬ ಗಂಡಸರ ಕ್ರೀಮನ್ನು ಮಾರುಕಟ್ಟೆಗೆ ತಂದಿತು. ಹೆಂಗಸರ ಕ್ರೀಮನ್ನು ಕದ್ದುಮುಚ್ಚಿ ಹಚ್ಚಿಕೊಳ್ಳುವ ಗಂಡಸು ಅದರ ಜಾಹೀರಾತುಗಳಲ್ಲಿ ನಗೆಪಾಟಲಾದನು. ಈ ಹಾಸ್ಯದ ಯುಕ್ತಿಯನ್ನು ನಾವು ಗಮನಿಸಬೇಕು. ಅದು ಮೊದಲು ನಾಚಿಕೆಯನ್ನು ಹುಟ್ಟಿಸಿ, ಅನಂತರ ಆ ನಾಚಿಕೆಗೆ ಮದ್ದನ್ನು ಮಾರಿತು. ಲೇಪನಕ್ಕೆ ಪೌರುಷದ ಹೆಸರಿಟ್ಟೊಡನೆ ಸಂಕೋಚ ತೊಲಗಿತು; ಆದರೆ ಕಪ್ಪು ಮೈಬಣ್ಣವು ಕೊರತೆಯೆಂಬ ಭಾವನೆ ಹಾಗೆಯೇ ಉಳಿಯಿತು. ಈ ಪದಾರ್ಥಗಳ ಜಾಹೀರಾತುಗಳು ಕಪ್ಪು ಬಣ್ಣದವರನ್ನು ಕೀಳೆಂದು ಚಿತ್ರಿಸಬಾರದೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ ಸೂಚನೆಗಳನ್ನು ಹೊರಡಿಸಿತು. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಸಂಸ್ಥೆಯು ತನ್ನ 'ಫೇರ್ ಅಂಡ್ ಲವ್ಲಿ'ಯ ಹೆಸರಿನಿಂದ 'ಫೇರ್' ಎಂಬ ಪದವನ್ನೇ ಕೈಬಿಟ್ಟಿತು.

ಗಂಡಸು ತನ್ನ ಚರ್ಮವನ್ನು ಆರೈಸಿಕೊಳ್ಳುವುದು ತಪ್ಪಲ್ಲ. ಅದಕ್ಕಾಗಿ ಹಾಸ್ಯವನ್ನು ಬಳಸುವುದೂ ತಪ್ಪಲ್ಲ. ಸೋಮಾರಿತನವನ್ನು, ಹುಸಿ ಬಿಂಕವನ್ನು ಕಂಡು ನಗುವ ಹಾಸ್ಯ ಆರೋಗ್ಯಕರವಾದುದು. ಆದರೆ ರಾಗಿಯ ಹೊಲದ ಬಿಸಿಲಿನಲ್ಲಿ ದುಡಿದವನ ಮೈಬಣ್ಣವನ್ನು ದೋಷವೆಂದು ತೋರಿಸುವ ಹಾಸ್ಯವು ದುಡಿಮೆಯನ್ನೇ ಹೀಯಾಳಿಸುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಪಂಚಾಂಗಗಳಲ್ಲಿಯೂ ಅಂಗಡಿಯ ಫಲಕಗಳಲ್ಲಿಯೂ ಅಳಿಯದೆ ಉಳಿದಿರುವ ಜಾಹೀರಾತುಗಳನ್ನು ಸಂಗ್ರಹಿಸಿದರೆ, ನಮ್ಮ ಜನ ಎಂದಿನಿಂದ, ಏತಕ್ಕಾಗಿ ತಮ್ಮ ಮೈಯನ್ನು ಕುರಿತು ನಾಚತೊಡಗಿದರೆಂಬುದು ಇನ್ನಷ್ಟು ಸ್ಪಷ್ಟವಾದೀತು.